ಅರಮನೆಯ ಬಾಗಿಲು ತೆರೆದರೆ ಸಾಕೇ?

ಅರಸನೊಬ್ಬನು ತನ್ನ ವಾಸಕ್ಕೆಂದು ಕಟ್ಟಿಸಿದ ಭವನವು ಮುಂದೆ ಕಲಾಕೇಂದ್ರವಾಗಿ ಜನರಿಗೆ ದೊರೆತರೆ, ಅದನ್ನು ದಾನವೆನ್ನಬೇಕೋ, ಹಳೆಯ ಸಾಲದ ತೀರುವಳಿ ಎನ್ನಬೇಕೋ?

ನಮ್ಮ ದೆಹಲಿಯ ಬಿಕಾನೇರ್ ಹೌಸನ್ನೇ ನೋಡೋಣ. ಹೊಸ ರಾಜಧಾನಿಯಲ್ಲಿ ಇಂಡಿಯಾ ಗೇಟಿನ ಸುತ್ತ ಸಂಸ್ಥಾನಾಧೀಶರಿಗೆ ನಿವೇಶನಗಳು ದೊರೆತಾಗ ಮಹಾರಾಜ ಗಂಗಾಸಿಂಗರು ಇದನ್ನು ಕಟ್ಟಿಸಿದರು, 1929ರಲ್ಲಿ ಗೃಹಪ್ರವೇಶವಾಯಿತು. ಹೈದರಾಬಾದ್ ಹೌಸಿನ ಆಡಂಬರ ಇದಕ್ಕಿಲ್ಲ. ಸ್ವಾತಂತ್ರ್ಯಾನಂತರ ರಾಜಸ್ಥಾನ ಸರ್ಕಾರದ ಕೈಸೇರಿದ ಈ ಆವರಣ ಬಹುಕಾಲ ನಮ್ಮಂಥವರಿಗೆ ಜಯಪುರದ ಬಸ್ಸು ಹಿಡಿಯುವ ಜಾಗವಾಗಿತ್ತು. 2015ರಲ್ಲಿ ದುರಸ್ತಿಗೊಂಡು ಕಲೆ, ಸಂಗೀತ, ಪ್ರದರ್ಶನಗಳ ಕೇಂದ್ರವಾಯಿತು. ಸಮೀಪದ ಜೈಪುರ್ ಹೌಸಾದರೋ 1954ರಲ್ಲೇ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿತ್ತು. ಅದನ್ನು ಉದ್ಘಾಟಿಸಿದವರು, ಒಮ್ಮೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ಡಾ. ರಾಧಾಕೃಷ್ಣನ್.

ಮೈಸೂರಿಗರಿಗೆ ಇದು ಹೊಸತಲ್ಲ. ಮುಮ್ಮಡಿ ಕೃಷ್ಣರಾಜರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ, 1897ರಲ್ಲಿ ಹಳೆಯ ಅರಮನೆ ಸುಟ್ಟಾಗ ರಾಜಪರಿವಾರಕ್ಕೆ ಆಸರೆಯಾಯಿತು, 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳನ್ನೂ ಹಳದಣಕರರ ದೀಪಧಾರಿಣಿಯನ್ನೂ ಅಲ್ಲಿ ಕಂಡು ಬೆರಗಾಗದ ಶಾಲಾ ಮಕ್ಕಳು ನಮ್ಮ ಪೈಕಿ ಕಡಿಮೆ.

ಇದನ್ನೆಲ್ಲ ಅರಸರ ಔದಾರ್ಯವೆಂದು ಹೊಗಳುವವರಿದ್ದಾರೆ. ಪ್ರಜೆಗಳ ಬೆವರನ್ನು ಹೀರಿದ ಗೋಡೆಗಳೆಂದು ಜರೆಯುವವರೂ ಇದ್ದಾರೆ. ಶಕ್ತಿಯು ನಾಶವಾಗದೆ ರೂಪವನ್ನಷ್ಟೇ ಬದಲಿಸುವುದೆಂದು ಭೌತಶಾಸ್ತ್ರ ಹೇಳುತ್ತದೆ. ರೈತನ ಕಂದಾಯವೂ ಕಲ್ಲುಕುಟಿಗನ ದುಡಿಮೆಯೂ ಗೋಡೆಯಾಗಿ ನಿಂತಿವೆ. ಆ ಗೋಡೆ ಜನರಿಗೆ ಒದಗಿದಾಗ ದುಡಿಮೆ ತನ್ನವರ ಬಳಿಗೆ ಮರಳಿತೆನ್ನಬಹುದು. ಆದ್ದರಿಂದ ಅದು ದಾನಕ್ಕಿಂತ ಹೆಚ್ಚಾಗಿ ಸಾಲದ ತೀರುವಳಿಯೇ. ಅರಸರ ಅಭಿರುಚಿಗೆ ಕೃತಜ್ಞರಾಗಿರುವುದಕ್ಕೆ ಇದರಿಂದ ಅಡ್ಡಿಯೇನೂ ಇಲ್ಲ.

ಆದರೆ ಸಾಲ ಪೂರ್ತಿ ತೀರಿತೇ? ನಾವು ಬಾಡಿಗೆ ಮನೆ ಹುಡುಕಿಕೊಂಡು ಬಂದು ನೆಲೆಸಿದ ಕರೋಲ್ ಬಾಗಿಗೂ ಈ ಕಥೆಗೂ ಸಂಬಂಧವಿದೆ. ಕನಾಟ್ ಪ್ಲೇಸಿಗೂ ಅದರ ಆಸುಪಾಸಿನ ಬಡಾವಣೆಗೂ ಜಾಗ ಬೇಕಾದಾಗ ಮಾಧೋಗಂಜ್, ಜೈಸಿಂಗ್‌ಪುರ, ರಾಜಾ ಕಾ ಬಜಾರ್‌ಗಳ ಜನರನ್ನು ಎಬ್ಬಿಸಿ, ಆಗ ಕಲ್ಲುಪೊದೆಗಳ ನೆಲವಾಗಿದ್ದ ಈ ಕಡೆಗೆ ಕಳುಹಿಸಿದರು. ಹೊಸ ದೆಹಲಿಯ ವೈಭವಕ್ಕೆ ಬೆಲೆ ತೆತ್ತವರಲ್ಲಿ ಅವರೂ ಸೇರಿದ್ದಾರೆ. ಅಜಮಲ್ ಖಾನ್ ರಸ್ತೆಯಲ್ಲಿ ಗಾಡಿ ತಳ್ಳುವವನು ಚಿತ್ರಪ್ರದರ್ಶನದ ಬಾಗಿಲಲ್ಲಿ ಒಳಗೆ ಹೋಗಲೋ ಬೇಡವೋ ಎಂದು ಹಿಂಜರಿದರೆ, ಕಾವಲುಗಾರ ತಡೆಯದಿದ್ದರೂ ಆ ಬಾಗಿಲು ಅವನ ಪಾಲಿಗೆ ಮುಚ್ಚಿದಂತೆಯೇ. ಕಡತದಲ್ಲಿ ಒಡೆಯನ ಹೆಸರು ಒಂದೇ ಸಹಿಯಿಂದ ಬದಲಾಗುತ್ತದೆ; ಸಂಕೋಚ ಹಾಗೆ ಅಳಿಯುವುದಿಲ್ಲ.

ಈ ಮಾತು ಅರಮನೆಗಳಿಗಷ್ಟೇ ಅಲ್ಲ, ಸಂಘಗಳಿಗೂ ಸಲ್ಲುತ್ತದೆ. ರಾಜ್ಯೋತ್ಸವದ ಸಭೆಯಲ್ಲಿ ಅಧಿಕಾರಿಗಳ ಕುಟುಂಬ ಮುಂದಿನ ಸಾಲಿನಲ್ಲೂ, ಹೋಟೆಲಿನಲ್ಲಿ ದುಡಿಯುವ ಕನ್ನಡದ ಹುಡುಗ ಬಾಗಿಲ ಬಳಿಯಲ್ಲೂ ಇರುವುದಾದರೆ ನಾವೂ ಒಂದು ಸಣ್ಣ ಅರಮನೆಯನ್ನೇ ಕಟ್ಟಿಕೊಂಡಂತಾಯಿತು. ಬಾಗಿಲು ತೆರೆದಿಡುವುದು ಮೊದಲ ಹೆಜ್ಜೆ. ಎದ್ದು ಹೋಗಿ “ಬನ್ನಿ, ಒಳಗೆ ಕೂತುಕೊಳ್ಳಿ” ಎಂದು ಕರೆತರುವುದು ಎರಡನೆಯದು. ಅದಕ್ಕೆ ಅರಸೊತ್ತಿಗೆಯೂ ಬೇಡ, ಅನುದಾನವೂ ಬೇಡ.