ಮಾತು ನಿಂತರೆ ಮನಸ್ಸೂ ನಿಂತಂತೆಯೇ?



ಕಳೆದ ತಿಂಗಳು ನಮ್ಮ ಯುವಜನ ಬಳಗದವರು ಫಾದರ್ ಜೊತೆ ರೋಗಿಗಳ ಮನೆಗಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಲಕ್ವ ಹೊಡೆದ ಅಜ್ಜಿ. ನೀರು ಬೇಕೆಂದು ಕೇಳಲೂ ಅವರಿಗೆ ಮಾತು ಬಾರದು. ಆದರೆ ಜಪಸರ ಶುರುವಾದಾಗ 'ನಮೋ ಮರಿಯ'ವನ್ನು ತಡವರಿಸದೆ ನಮ್ಮೊಂದಿಗೆ ಹೇಳಿದರು. ಹೊರಡುವಾಗ ಮಂಚದ ಪಕ್ಕದಲ್ಲೇ ನಮ್ಮಲ್ಲೊಬ್ಬರು, "ಅಭ್ಯಾಸಬಲ ಅಷ್ಟೆ, ಪಾಪ, ಇವರಿಗೇನೂ ತಿಳಿಯೋದಿಲ್ಲ" ಎಂದರು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಆಗ ನೆನಪಾದವರು ಲೆಬೋರ್ನ್. ಪ್ಯಾರಿಸ್ ಬಳಿಯ ಬಿಸೆತ್ರ ಆಸ್ಪತ್ರೆಯಲ್ಲಿ 21 ವರ್ಷ ಇದ್ದ ಇವರು, ಏನು ಕೇಳಿದರೂ 'ತಾನ್, ತಾನ್' ಎನ್ನುತ್ತಿದ್ದರು. 1861ರಲ್ಲಿ ವೈದ್ಯ ಪಾಲ್ ಬ್ರೋಕಾ, "ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?" ಎಂದು ಕೇಳಿದರು. ಲೆಬೋರ್ನ್ ಅಂಗೈಯನ್ನು ನಾಲ್ಕು ಸಲ ಬಿಚ್ಚಿ, ಒಂದು ಬೆರಳು ಸೇರಿಸಿದರು. ಲೆಕ್ಕ ಸರಿ! ಮರುದಿನವೂ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ, ತಮ್ಮನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದು ಸಿಟ್ಟಾದರು. ಬಾಯಿಂದ ಒಂದು ಬೈಗುಳ ಸರಾಗವಾಗಿ ಬಂತು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೆದುಳಿನ ಎಡ ಮುಂಭಾಗ ಹಾಳಾಗಿತ್ತು. ಹೋಗಿದ್ದದ್ದು ಮಾತು, ಮಾನವಲ್ಲ.

ಬೈಗುಳ, ಎಣಿಕೆ, ಬಾಯಿಪಾಠದ ಜಪ ಇವು ತಾವಾಗಿಯೇ ಬರುವ ಮಾತುಗಳು. ಹೊಸ ವಾಕ್ಯ ಕಟ್ಟಲಾಗದವರಲ್ಲೂ ಎಷ್ಟೋ ಸಲ ಉಳಿದಿರುತ್ತವೆ. ಹಾಗಾದರೆ ಅಜ್ಜಿಯದು ಬರೀ ಬಾಯಿಯ ಜಪವೇ? ಇರಬಹುದು. 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ರೋಗಿಗಳು ಸರಾಗವಾಗಿ ಮಾತಾಡುತ್ತಿದ್ದರೂ ಬೇರೆಯವರ ಮಾತು ಅವರಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಜಪ ಹೇಳಿದರು ಎಂಬುದೊಂದೇ ತಿಳಿವಳಿಕೆಗೆ ಸಾಕ್ಷಿಯಲ್ಲ. ಮಾತು ಬಾರದು ಎಂಬುದು ತಿಳಿವಳಿಕೆ ಇಲ್ಲದ್ದಕ್ಕೂ ಸಾಕ್ಷಿಯಲ್ಲ. ಇನ್ನು ಮಾತು ಗಟ್ಟಿಯಾಗಿರುವ ನಾವು ಜಪಸರ ಹಿಡಿದು ಮೊಬೈಲ್ ಕಡೆ ಮನಸ್ಸಿಟ್ಟಾಗ ಅದು ಯಾರ ಪ್ರಾರ್ಥನೆ?

ತಿಳಿಯುತ್ತದೆಂದು ನಂಬಿ ಗೌರವದಿಂದ ಮಾತಾಡಿ, ನಂಬಿಕೆ ತಪ್ಪಾದರೆ ನಮಗೇನೂ ನಷ್ಟವಿಲ್ಲ. ತಿಳಿಯುವುದಿಲ್ಲವೆಂದು ತಪ್ಪಾಗಿ ನಂಬಿದರೆ, ತಿರುಗಿ ಉತ್ತರಿಸಲಾಗದ ಒಬ್ಬರನ್ನು ನೋಯಿಸಿರುತ್ತೇವೆ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ಕಿವುಡನೂ ತೊದಲನೂ ಆಗಿದ್ದವನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ದರು. ಅವನನ್ನು ನೋಟದ ವಸ್ತುವಾಗಲು ಬಿಡಲಿಲ್ಲ.

ಇನ್ನು ಮುಂದೆ ರೋಗಿಗಳ ಬಳಿ ಹೋದಾಗ ಕುಳಿತು, ಮುಖ ನೋಡಿ ಮಾತಾಡೋಣ. ಆಸ್ಪತ್ರೆಯ ಮಾತು ತಮಿಳಾಗಿರಲಿ, ಅವರ ಮನೆಮಾತಿನಲ್ಲೇ ಒಂದೊಂದಾಗಿ ಕೇಳೋಣ. ತಲೆಯಾಡಿಸುವವರೆಗೆ, ಕೈ ಒತ್ತುವವರೆಗೆ ಕಾಯೋಣ. ಮಂಚದ ಮೇಲಿಂದ ಅವರ ವಿಷಯ ಮಾತಾಡುವುದು ಬೇಡ.

ಮುಂದಿನ ಭಾನುವಾರ ಪೂಜೆ ಮುಗಿಸಿ ಅದೇ ಮನೆಗೆ ಹೋದೆವು. ಅಜ್ಜಿಯ ಕೈ ಹಿಡಿದು ತಪ್ಪಾಯಿತು ಎಂದೆವು. ಅರ್ಥವಾಯಿತೇ ಎಂದು ಪರೀಕ್ಷಿಸಲು ಹೋಗಲಿಲ್ಲ.