ಆ ನಾಮದ ಧೈರ್ಯ

"ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್." ಮನೆಕೂಟವಿರಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕವಿರಲಿ, ನಮ್ಮ ಪ್ರಾರ್ಥನೆ ಬಂದು ನಿಲ್ಲುವುದು ಈ ಮಾತಿಗೆ. ಎಷ್ಟೋ ಮಕ್ಕಳಿಗೆ ಪೂರಾ ಪ್ರಾರ್ಥನೆ ಬರುವ ಮೊದಲೇ ಈ ಸಾಲು ಬಾಯಿಗೆ ಬಂದಿರುತ್ತದೆ. ಬೇಡಿದ್ದು ಸಿಕ್ಕಾಗ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತೇವೆ. ಸಿಗದೇ ಹೋದವರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಆ ನಾಮದಲ್ಲಿ ಅವರಿಗಿದ್ದ ಧೈರ್ಯ ಏನಾಯಿತು ಎಂದು ನಾವು ಕೇಳುವುದಿಲ್ಲ. ಕೇಳಬೇಕು.

ಆ ಧೈರ್ಯದ ಆಧಾರ ಏನೆಂದು ಮೊದಲು ನೋಡೋಣ. ಯೆರೂಸಲೇಮಿನ ದೇವಾಲಯದ ಮಹಾಪವಿತ್ರಸ್ಥಾನಕ್ಕೆ ಹೋಗಲು ಮಹಾಯಾಜಕನೊಬ್ಬನಿಗೇ ಅಪ್ಪಣೆಯಿತ್ತು. ಅದೂ ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು, ಯಜ್ಞದ ರಕ್ತವನ್ನು ಹಿಡಿದು. ಉಳಿದವರೆಲ್ಲ ತೆರೆಯ ಈಚೆಗೆ. ಆ ಪದ್ಧತಿಯನ್ನು ಬಲ್ಲ ಜನಕ್ಕೆ ಇಬ್ರಿಯರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಹೇಳುವುದನ್ನು ನೋಡಿ: ಕೃಪಾಸನದ ಬಳಿಗೆ ಅಂಜದೆ ಬರಬಹುದು. ಯಾವ ಆಧಾರದ ಮೇಲೆ? ಬರುವವರ ನಂಬಿಕೆ ಗಟ್ಟಿಯಾಗಿದೆ ಎಂದಲ್ಲ. ನಮ್ಮ ಬಲಹೀನತೆಯನ್ನು ಬಲ್ಲವನು, ನಮ್ಮ ಹಾಗೆಯೇ ಶೋಧನೆಗೆ ಒಳಗಾದವನು ಆದ ಯೇಸು ನಮಗಿಂತ ಮುಂಚೆ ಒಳಗೆ ಹೋಗಿದ್ದಾನೆ ಎಂಬ ಒಂದೇ ಆಧಾರದ ಮೇಲೆ. ಯೋಗ್ಯತೆ ಆತನದು, ಒಳಗೆ ಹೋಗುವ ಭಾಗ್ಯ ನಮ್ಮದು. ಹಾಗಿದ್ದಮೇಲೆ ನಂಬಿಕೆ ನಡುಗುತ್ತಿರುವವರೂ ಹೋಗಬಹುದು. ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ತನ್ನ ಅಪನಂಬಿಕೆಗೂ ಸಹಾಯ ಮಾಡೆಂದು ಯೇಸುವಿನ ಮುಂದೆ ಕೂಗಿಕೊಂಡ. ಅವನ ಮಗ ವಾಸಿಯಾದ.

ಯೋಗ್ಯತೆ ತನ್ನದಲ್ಲ ಎಂಬುದು ಪೇತ್ರನಿಗೂ ಚೆನ್ನಾಗಿ ಗೊತ್ತಿತ್ತು. ಸುಂದರದ್ವಾರದ ಬಳಿ ಭಿಕ್ಷೆ ಬೇಡುತ್ತಿದ್ದ ಹುಟ್ಟುಕುಂಟನನ್ನು ಯೇಸುವಿನ ಹೆಸರಿನಲ್ಲಿ ಎಬ್ಬಿಸಿ ನಿಲ್ಲಿಸಿದ ಮೇಲೆ, ಬೆರಗಾಗಿ ನೋಡುತ್ತಿದ್ದ ಜನರಿಗೆ ಅವನು ಮೊದಲು ಹೇಳಿದ್ದೇ, ಇದು ನಮ್ಮ ಶಕ್ತಿಯಿಂದಾಗಲಿ ನಮ್ಮ ಭಕ್ತಿಯಿಂದಾಗಲಿ ಆದದ್ದಲ್ಲ ಎಂದು. 'ಭಕ್ತಿಯಿಂದಲೂ ಅಲ್ಲ' ಎಂದು ಹೇಳಬಲ್ಲ ಪ್ರಾರ್ಥನಾವೀರರು ಇಂದು ಎಷ್ಟು ಮಂದಿ?

ಅದೇ ಹೆಸರನ್ನು ಎಫೆಸದಲ್ಲಿ ಸ್ಕೇವನ ಏಳು ಮಂದಿ ಮಕ್ಕಳೂ ದೆವ್ವ ಬಿಡಿಸಲು ಬಳಸಿ ನೋಡಿದರು. ಪೌಲನು ಸಾರುವ ಯೇಸು ಅವರಿಗೆ ಕೇಳಿದ ಮಾತಿನಿಂದಷ್ಟೇ ಗೊತ್ತಿದ್ದ. ದೆವ್ವ ಹಿಡಿದವನು ಮೇಲೆ ಬಿದ್ದು ಹೊಡೆದದ್ದಕ್ಕೆ ಗಾಯಗೊಂಡು, ಬಟ್ಟೆಯೂ ಇಲ್ಲದೆ ಮನೆಯಿಂದ ಓಡಿಹೋದರು. ಇದನ್ನು ಕೇಳಿದ ಊರಿನವರಲ್ಲಿ ಅನೇಕರು ತಮ್ಮ ಮಾಟಮಂತ್ರದ ಪುಸ್ತಕಗಳನ್ನು ತಂದು ಎಲ್ಲರೆದುರಿಗೆ ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳಾಯಿತು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಲೆಕ್ಕವಿದೆ. ಯೇಸುವಿನ ಹೆಸರು ಮಂತ್ರವಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. ನಾವೋ, ಅದೇ ಹೆಸರನ್ನು ಏರುದನಿಯಲ್ಲಿ ಹತ್ತು ಸಲ, ಇಪ್ಪತ್ತು ಸಲ ಹೇಳಿ, ದನಿ ಏರಿದಷ್ಟೂ ದೇವರು ಬಗ್ಗುತ್ತಾನೆ ಎಂದುಕೊಳ್ಳುತ್ತೇವೆ.

ಯಾರ ನಾಮದಲ್ಲಿ ಬೇಡುತ್ತೇವೋ ಆತನೇ ಗೆತ್ಸೇಮನೆಯ ತೋಟದಲ್ಲಿ ನೆಲಕ್ಕೆ ಬಿದ್ದು, ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದ. ಅದು ತೊಲಗಲಿಲ್ಲ. ತಂದೆಯ ಚಿತ್ತವೇ ಆಗಲಿ ಎಂಬ ಮಾತೂ ಅದೇ ಪ್ರಾರ್ಥನೆಯಲ್ಲಿ ಇತ್ತು. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆ ಎಂದು ಪೌಲ ಮೂರು ಸಲ ಕೇಳಿಕೊಂಡ. ಮುಳ್ಳು ಹಾಗೇ ಉಳಿಯಿತು, ಅವನಿಗೆ ಸಿಕ್ಕಿದ್ದು ಕೃಪೆ. ಇವರಿಗೆ ನಂಬಿಕೆ ಸಾಲದಾಯಿತು ಎನ್ನುವ ಎದೆಗಾರಿಕೆ ಯಾರಿಗಿದೆ?

ಪ್ರಶ್ಯಾದಲ್ಲಿ 1805ರಲ್ಲಿ ಹುಟ್ಟಿದ ಜಾರ್ಜ್ ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳಿಗಾಗಿ ಒಂದು ಮನೆ ತೆರೆದರು. ಹಣಕ್ಕಾಗಿ ಯಾರ ಮುಂದೆಯೂ ಕೈಚಾಚದೆ, ಬೇಕಾದ್ದನ್ನು ಪ್ರಾರ್ಥನೆಯಲ್ಲಿ ದೇವರಿಗಷ್ಟೇ ಹೇಳುವುದು ಅವರ ನಿಯಮ. 1870ರ ಹೊತ್ತಿಗೆ ಆ್ಯಶ್ಲಿ ಡೌನ್‌ನಲ್ಲಿ ಐದು ದೊಡ್ಡ ಕಟ್ಟಡಗಳಿದ್ದವು, 2,050 ಮಕ್ಕಳಿಗೆ ಅಲ್ಲಿ ಜಾಗವಿತ್ತು. ನಮ್ಮ ಪ್ರಸಂಗಗಳಲ್ಲಿ ಮುಲ್ಲರ್ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಅದೇ 1870ರ ಫೆಬ್ರವರಿಯಲ್ಲಿ ಅವರ ಪತ್ನಿ ಮೇರಿ ಜ್ವರದಿಂದ ತೀರಿಕೊಂಡರು. ಆಕೆ ಉಳಿಯಲಿ ಎಂದು ಮುಲ್ಲರ್ ಬೇಡಿದ್ದರು. ಏನೇ ಆದರೂ ನಿನ್ನ ಚಿತ್ತದಲ್ಲಿ ತೃಪ್ತನಾಗಿರುವಂತೆ ಮಾಡು ಎಂದೂ ಬೇಡಿದ್ದರು. ಪತ್ನಿಗಾಗಿ ಶವಸಂಸ್ಕಾರದ ಪ್ರಸಂಗವನ್ನು ಅವರೇ ಮಾಡಿದರು. ಆಕೆಯನ್ನು ಕೊಟ್ಟದ್ದರಲ್ಲಿ, ಅಷ್ಟು ಕಾಲ ಜೊತೆಗಿರಿಸಿದ್ದರಲ್ಲಿ, ಕರೆದುಕೊಂಡದ್ದರಲ್ಲಿ ದೇವರು ಒಳ್ಳೆಯವನೇ ಎಂಬುದು ಆ ಪ್ರಸಂಗದ ಸಾರ. ಸಾವಿರಾರು ಮಕ್ಕಳ ಅನ್ನಕ್ಕಾಗಿ ಬೇಡಿದ ಅದೇ ಧೈರ್ಯವೇ ಆ ದಿನವೂ ಅವರನ್ನು ನಿಲ್ಲಿಸಿತು.

ಮಗುವನ್ನು ಕಳೆದುಕೊಂಡ ತಾಯಿಗೆ "ಅಮ್ಮಾ, ನಿಮಗೆ ನಂಬಿಕೆ ಸಾಲಲಿಲ್ಲ" ಎನ್ನುವವರು ನಮ್ಮಲ್ಲಿದ್ದಾರೆ. ಅದು ಕ್ರೌರ್ಯ. ಆ ನಾಮವನ್ನು ಹಾಗೆ ಬಳಸಲು ಯಾರಿಗೂ ಅಧಿಕಾರವಿಲ್ಲ.

ರೋಗಿಯ ಬಳಿ ಕುಳಿತು ಪ್ರಾರ್ಥಿಸುವವರೇ, ಗುಣವಾಗಲಿ ಎಂದು ಬಾಯ್ತುಂಬ ಕೇಳಿ, ಹಿಂಜರಿಯಬೇಡಿ. ಅವರ ನಂಬಿಕೆಯನ್ನು ಅಳೆಯಬೇಡಿ, ಔಷಧಿ ಬಿಡಿ ಎನ್ನಬೇಡಿ. ಗುಣವಾಗದಿದ್ದರೆ ಮರುದಿನವೂ ಹೋಗಿ, ಅದೇ ನಾಮದಲ್ಲಿ ಮತ್ತೆ ಬೇಡಿ.