ಸ್ವಲ್ಪ ಮಾತಿತ್ತು

ಪಾರ್ಕ್ ಸ್ಟ್ರೀಟಿಗೆ 2004ರಲ್ಲಿ ಮದರ್ ತೆರೇಸಾ ಸರಣಿ ಎಂದು ಹೆಸರಿಟ್ಟರು. ಬೋರ್ಡಿನಲ್ಲೂ ಅದೇ ಇದೆ. ಆದರೆ ಟ್ಯಾಕ್ಸಿಯವನಿಗೆ ಹಾಗೆ ಹೇಳಿ ನೋಡಿ, ಒಂದು ಗಳಿಗೆ ತಲೆ ಕೆರೆದುಕೊಂಡು "ಓ, ಪಾರ್ಕ್ ಸ್ಟ್ರೀಟಾ?" ಅನ್ನುತ್ತಾನೆ. ಆದೇಶ ಹೊರಟ ಮಾತ್ರಕ್ಕೆ ಜನಕ್ಕೆ ಮುಟ್ಟಿತು ಅಂತಲ್ಲ. ಮೂವತ್ತೈದು ವರ್ಷ ಬ್ಯಾಂಕಿನ ಸುತ್ತೋಲೆಗಳ ನಡುವೆಯೇ ಬದುಕಿದ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಅದೂ ಹೆಂಡತಿಯಿಂದ.

ನಾವು ಸಾಗರದ ಕಡೆಯವರು. ಕಡೆಯ ವರ್ಗಾವಣೆ ಕೋಲ್ಕತ್ತಕ್ಕೆ ಆಯಿತು. ಮಗಳ ಕೆಲಸವೂ ಇಲ್ಲೇ ಇದ್ದದ್ದರಿಂದ ಊರಿಗೆ ಮರಳುವುದು ಮುಂದಕ್ಕೆ ಹೋಯಿತು. ಮೊಮ್ಮಗನನ್ನು ನಮ್ಮವಳು ನೋಡಿಕೊಳ್ಳುತ್ತಿದ್ದಳು. ಅವನ ಜೊತೆಗೆ ಪಕ್ಕದ ಮನೆಯ ಮಗು ಬಂತು, ಅದರ ಹಿಂದೆ ಕ್ಯಾಮಕ್ ಸ್ಟ್ರೀಟಿನ ಆಫೀಸುಗಳಿಗೆ ಹೋಗುವವರ ಮಕ್ಕಳು ಬಂದವು. ಆಮೇಲೆ ಮಗಳು ಪುಣೆಗೆ ಹೋದಳು, ಮೊಮ್ಮಗನೂ ಹೋದ. ಉಳಿದ ಆರು ಮಕ್ಕಳು ಹೋಗಲಿಲ್ಲ. ಮಲ್ಲಿಕ್ ಬಜಾರ್ ತುದಿಯ ಹಳೇ ಕಟ್ಟಡದ ಎರಡನೇ ಮಹಡಿಯ ನಮ್ಮ ಬಾಡಿಗೆ ಮನೆ ಹೀಗೆ ಡೇಕೇರ್ ಆಯಿತು. ಬಂಗಾಳಿ ಮಕ್ಕಳು ಇವಳನ್ನು 'ಅಜ್ಜಿ' ಎಂದೇ ಕರೆಯುತ್ತವೆ. ಅದು ಇವಳ ಹೆಸರು ಅಂತ ತಿಳಿದುಕೊಂಡಿವೆ, ಪಾಪ.

ಒಂದು ಆಗಸ್ಟಿನಲ್ಲಿ ಒಂದು ಮಗು ಬೆಳಿಗ್ಗೆ ನಗುನಗುತ್ತಾ ಬಂತು. ಮಧ್ಯಾಹ್ನ ಮಲಗಿದ್ದಲ್ಲೇ ಮೈ ಕಾದ ಹಂಚಾಯಿತು. ಮನೆ ಬಿಡುವ ಮುಂಚೆ ಅದರಮ್ಮ ಪ್ಯಾರಸಿಟಮಾಲ್ ಸಿರಪ್ ಕುಡಿಸಿದ್ದಳು. ಔಷಧಿಯ ಬಲ ನಾಲ್ಕಾರು ಗಂಟೆ, ಅಷ್ಟೇ. ಸಂಜೆಗೆ ಅಂಗೈ, ಅಂಗಾಲು, ಬಾಯಿಯಲ್ಲೆಲ್ಲ ಗುಳ್ಳೆ. ವಾರದೊಳಗೆ ಇನ್ನೂ ಮೂರು ಮಕ್ಕಳಿಗೆ ಅದೇ ಆಯಿತು. ಉಳಿದ ತಾಯಂದಿರು ನಮ್ಮನ್ನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಯಾಕೆ ಸೇರಿಸಿಕೊಂಡಿರಿ?"

ನಿಯಮ ಬೇಕು ಎಂದು ನಾನು ಪೆನ್ನು ಹಿಡಿದು ಕೂತೆ. ಜ್ವರ ಬಂದ ಮಗು, ಔಷಧಿಯಿಲ್ಲದೆ ಜ್ವರ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಆಗುವವರೆಗೆ ಬರಕೂಡದು. ಸಂಜೆ ಏಳರ ಮೇಲೆ ತಡವಾದರೆ ಅರ್ಧ ಗಂಟೆಗೆ ನೂರು ರೂಪಾಯಿ. ತಿಂಗಳ ಶುಲ್ಕ ಐನೂರು ಹೆಚ್ಚು. 'ಈ ಮೂಲಕ ಸಮಸ್ತರಿಗೂ ತಿಳಿಸಲಾಗಿದೆ' ಎನ್ನುವ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಅದು ನಮ್ಮದೂ ಅಲ್ಲ, ಅವರದ್ದೂ ಅಲ್ಲ. ಪರಸ್ಥಳದಲ್ಲಿ ಕಷ್ಟದ ಮಾತಿಗೆಲ್ಲ ಈ ಮೂರನೆಯವರ ಭಾಷೆಯೇ ಗತಿ.

ನಮ್ಮವಳು ಓದಿದಳು. "ನನ್ನ ಸಂಜೇನ ನೂರು ರೂಪಾಯಿಗೆ ಮಾರ್ತೀರಾ?" ಅಂದಳು.

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಇಸ್ರೇಲಿನ ಹೈಫಾದಲ್ಲಿ ಹತ್ತು ಡೇಕೇರ್‌ಗಳಲ್ಲಿ ನೀಜಿ ಮತ್ತು ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಗಿತ್ತು. ಆರು ಕಡೆ, ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾಗಿ ಬಂದವರಿಗೆ ಹತ್ತು ಶೆಕೆಲ್ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಮೊದಲು ತಡವಾದರೆ ನಾಚಿಕೆಯಾಗುತ್ತಿತ್ತು. ದಂಡ ಬಂದ ಮೇಲೆ ತಡ ಅನ್ನುವುದು ಕೊಳ್ಳುವ ಸಾಮಾನಾಯಿತು. ಎಂ.ಕಾಂ. ಓದಿದವನು ನಾನು. ಇವಳು ಒಂದು ಸಾಲಿನಲ್ಲಿ ಅದೇ ಹೇಳಿ ಅಡುಗೆಮನೆಗೆ ಹೋದಳು. ದಂಡ ಹೊಡೆದುಹಾಕಿದೆ. ಆರು ಗಂಟೆಯೊಳಗೆ ಫೋನು ಮಾಡಿ ತಿಳಿಸಿದರೆ ಸಾಕು ಎಂದಾಯಿತು. ಹಾಗೆ ನೋಡಿದರೆ ಏಳಕ್ಕೆ ಬಾರದವರಿಗೆ ಏನು ಶಿಕ್ಷೆ ಕೊಡಬಲ್ಲೆವು? ಮಗುವನ್ನು ಮೆಟ್ಟಿಲ ಮೇಲೆ ಕೂರಿಸುವುದಕ್ಕಾಗುತ್ತದೆಯೇ?

ಜ್ವರದ ನಿಯಮ ಮಾತ್ರ ಹಾಗಲ್ಲ, ಅದನ್ನು ಬಿಡುವಂತಿರಲಿಲ್ಲ. ಆದರೆ ಅದನ್ನು ಹೇಗೆ ಹೇಳುವುದು? ಆರು ಜನರಿಗೂ ಒಂದೇ ಕಾಗದ ಕೊಡುವುದೇ ಸಮಾನತೆ ಎಂದು ನನ್ನ ವಾದ. ಹೀಗೆ ವಾದಿಸುವಾಗಲೇ ಹಳೆಯದೊಂದು ನೆನಪಾಯಿತು. ಒಂದು ಶಾಖೆಯಲ್ಲಿ ಕನಿಷ್ಠ ಬಾಕಿ ಇಲ್ಲದ ಖಾತೆಗೆ ದಂಡ ಬೀಳುವುದೆಂದು ನಾನೇ ಸಹಿ ಮಾಡಿದ ನೋಟೀಸನ್ನು ತಿಂಗಳ ಮುಂಚೆ ಗೋಡೆಗೆ ಅಂಟಿಸಿದ್ದೆ. ಓದು ಬಾರದ ಒಬ್ಬ ಹೆಂಗಸು ಪಾಸ್‌ಬುಕ್ ಹಿಡಿದು ಬಂದಳು. "ಸ್ವಾಮಿ, ನನ್ನ ದುಡ್ಡು ಯಾರು ತಗಂಡ್ರು?" ಅಂದಳು. ನಾನು ಗೋಡೆ ತೋರಿಸಿದೆ. ಈಗಲೂ ಆ ಬೆರಳು ನನ್ನದೇ ಅಂತ ಒಪ್ಪಿಕೊಳ್ಳಲು ಕಷ್ಟವಾಗುತ್ತದೆ. ಅಂಟಿಸಿದ್ದು ಅವಳಿಗೆ ತಿಳಿಯಲಿ ಅಂತ ಅಲ್ಲ, ನಾಳೆ ನನ್ನನ್ನು ಯಾರೂ ಕೇಳದಿರಲಿ ಅಂತ.

ಸಿರಪ್ ಕುಡಿಸಿದ ಆ ತಾಯಿ ಒಂದು ಚಿಕ್ಕ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. 2017ರ ಹೆರಿಗೆ ಸೌಲಭ್ಯ ಕಾಯಿದೆಯ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು, ನೇಮಕದ ಹೊತ್ತಿಗೇ ಸೌಲಭ್ಯಗಳನ್ನು ಹೆಂಗಸರಿಗೆ ಬರೆದು ತಿಳಿಸಬೇಕೆಂದೂ ಹೇಳಿತು. ಅವಳ ಅಂಗಡಿಯಲ್ಲಿರುವುದು ನಾಲ್ಕೇ ಜನ. ಒಂದು ದಿನ ಹೋಗದಿದ್ದರೆ ಆ ದಿನದ ಸಂಬಳವಿಲ್ಲ. ಉಳಿದ ಐವರಿಗೆ ನಮ್ಮ ನಿಯಮವೆಂದರೆ ಒಂದು ರಜೆ ಅರ್ಜಿ. ಇವಳಿಗೆ ಹಾಗಲ್ಲ. ಒಂದೇ ಕಾಗದ, ಆದರೆ ಆರು ಮನೆಯಲ್ಲಿ ಆರು ತೂಕ.

ಹಾಗಂತ ಅವಳಿಗೆ ವಿನಾಯಿತಿ ಕೊಟ್ಟರೆ ಗುಳ್ಳೆಯೆದ್ದ ಆ ಮೂರು ಮಕ್ಕಳಿಗೆ ಏನು ಹೇಳುವುದು?

ನಮ್ಮವಳು ಕಾಗದ ಹಂಚುವ ಮುಂಚೆ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡಳು. "ಏಕ್ಟು ಕಥಾ ಛಿಲೊ" ಅಂದಳು. ನಮ್ಮ 'ಸ್ವಲ್ಪ ಮಾತಿತ್ತು' ಅನ್ನುವುದೇ, ಇಲ್ಲಿಯವರೂ ಭೂತಕಾಲದಲ್ಲೇ ಹೇಳುತ್ತಾರೆ. ಮಾತು ಹಿಂದೆಯೇ ಇತ್ತು, ಆಡುವುದು ಮಾತ್ರ ಈಗ ಎಂಬಂತೆ. ನಾನು ಪೇಪರಿನ ಹಿಂದಿದ್ದೆ. ನಿಯಮ ಬದಲಾಗಲ್ಲ, ಸಿರಪ್ ಯಾಕೆ ಕುಡಿಸಿದೆ ಅಂತ ನನಗೆ ಗೊತ್ತು, ಬೈಯಲ್ಲ, ಆದರೆ ಇನ್ನೊಂದು ಸಲ ಸುಳ್ಳು ಹೇಳಬೇಡ, ಎಂದಳು. ಆ ಹುಡುಗಿ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು: "ನಿಮಗೇನು, ಅಜ್ಜಿ, ಮನೆಯಲ್ಲೇ ಇರ್ತೀರಿ." ಇವಳು ಅದಕ್ಕೆ ಉತ್ತರ ಕೊಡಲಿಲ್ಲ. ಮಗು ಬಾರದ ದಿನಗಳ ಶುಲ್ಕ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ ಎಂದು ಕಾಗದಕ್ಕೆ ಒಂದು ಸಾಲು ಸೇರಿಸಿದಳು. ಲೆಕ್ಕದವನಾಗಿ ನಾನು ಗೊಣಗಿದೆ. ಐನೂರು ಹೆಚ್ಚಿಸಿದ್ದರಲ್ಲಿ ಅರ್ಧ ಹೀಗೇ ಹೋಗುತ್ತದೆ. ವಿಚಿತ್ರವೆಂದರೆ ಆ ಐನೂರರ ಬಗ್ಗೆ ಒಬ್ಬರೂ ತಕರಾರು ಮಾಡಲಿಲ್ಲ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಎಂಟಕ್ಕೆ ಫೋನು. "ಅಜ್ಜಿ, ಜ್ವರ ಇದೆ. ಇವತ್ತು ಕರೆತರಲ್ಲ." ನಮ್ಮವಳು ಫೋನಿಟ್ಟು ಸುಮ್ಮನೆ ನಿಂತಳು. ನಾನು, "ನೋಡು, ನಿಜ ಹೇಳಿದಳಲ್ಲ" ಎಂದೆ, ಏನೋ ಗೆದ್ದವನ ಹಾಗೆ.

"ಹೂಂ. ಎರಡು ದಿನದ ಸಂಬಳ ಹೋಯ್ತು ಅವಳಿಗೆ," ಎಂದಳು, ಆ ಮಗುವಿನ ಚಾಪೆ ಸುತ್ತಿ ಮೂಲೆಗಿಡುತ್ತಾ.